ದೂರದಿಂದಲೇ ಗುರುತು ಸಿಗುವ ಹಡಗು: ಅಂತರಿಕ್ಷ ಆಟಗಳಲ್ಲಿ ಬಣ್ಣ, ಲಾಂಛನ, ಹೆಸರು, ಆಕಾರ

ಅಂತರಿಕ್ಷದ ಸ್ಟ್ರ್ಯಾಟಜಿ ಆಟದಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಸಾಮ್ರಾಜ್ಯ ಕಟ್ಟಿ ಪಡೆ ನಡೆಸುವ ಆಟದಲ್ಲಿ, ಹಡಗಿಗೆ ಚಂದದ ಬಣ್ಣ ಬಳಿದ ಮಾತ್ರಕ್ಕೆ ಯಾರೂ ಯುದ್ಧ ಗೆದ್ದಿಲ್ಲ. ಫಿರಂಗಿ ಜೋರಾಗಿ ಹಾರುವುದಿಲ್ಲ, ಕವಚ ಗಟ್ಟಿಯಾಗುವುದಿಲ್ಲ. ಆದರೆ ಇವು ಒಂದು ಸಂಜೆಯಲ್ಲಿ ಮುಗಿಯುವ ಆಟಗಳಲ್ಲ. ಒಂದೇ ಸಾಮ್ರಾಜ್ಯವನ್ನು ವಾರಗಟ್ಟಲೆ ಆಡುತ್ತೇವೆ. ಅಷ್ಟು ಹೊತ್ತು ಕಣ್ಣೆದುರು ಇರುವ ಹಡಗುಗಳು ನಮ್ಮವು ಅನ್ನಿಸಬೇಕು, ಅಲ್ವಾ? ಇನ್ನೊಂದು ಲಾಭವೂ ಇದೆ. ನಾಲ್ಕು ಸಾಮ್ರಾಜ್ಯಗಳ ಪಡೆಗಳು ಒಂದೇ ನಕ್ಷತ್ರದ ಸುತ್ತ ಕಾದಾಡುವಾಗ ನಮ್ಮದು ಯಾವುದು, ಅವರದು ಯಾವುದು ಅಂತ ತಟ್ಟನೆ ಗೊತ್ತಾದರೆ ಆಜ್ಞೆ ಕೊಡುವುದೂ ಬೇಗ ಆಗುತ್ತದೆ.

ಅಲಂಕಾರದ ವಿಷಯದಲ್ಲಿ ನನ್ನ ಹಟ ಒಂದೇ. ಮಾಡಿದ್ದು ದೂರಕ್ಕೆ ಕಾಣಬೇಕು. ಸ್ಟ್ರ್ಯಾಟಜಿ ಆಟದಲ್ಲಿ ನಾವು ಹಡಗಿನೊಳಗೆ ಕೂತಿರುವುದಿಲ್ಲ, ಆಕಾಶದ ಮೇಲಿನಿಂದ ನೋಡುತ್ತಿರುತ್ತೇವೆ. ಹತ್ತಿರದಿಂದ ನೋಡಿದರೆ ಮಾತ್ರ ಚಂದ ಕಾಣುವ ಕುಸುರಿಗೆ ಇಲ್ಲಿ ಬೆಲೆ ಕಡಿಮೆ.

ಇದನ್ನು ಮುಖ್ಯವಾಗಿ ನಮ್ಮ ಕಾಸರಗೋಡು ಕಡೆಯವರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಅನುಕೂಲ ಇದೆ. ಕೇರಳದ ಶಾಲೆಗಳಲ್ಲಿ ಐಸಿಟಿ, ಅಂದರೆ ಕಂಪ್ಯೂಟರ್ ಪಾಠ ನಡೆಯುವುದು ಉಬುಂಟು ಆಧಾರದ ಲಿನಕ್ಸ್‌ನಲ್ಲಿ, ಉಚಿತ ಸಾಫ್ಟ್‌ವೇರ್‌ನಲ್ಲಿ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಚಿತ್ರ ತಿದ್ದುವ ಜಿಂಪ್ ಅಂದರೆ ಹೈಸ್ಕೂಲಿನ ಮಕ್ಕಳಿಗೆ ಹೊಸತಲ್ಲ. ಲಿಟಲ್ ಕೈಟ್ಸ್ ಅನ್ನುವ ಶಾಲೆಯ ಐಟಿ ಕ್ಲಬ್‌ನಲ್ಲಿದ್ದವರು 3ಡಿ ಚಿತ್ರದ ಬ್ಲೆಂಡರ್ ಕೂಡ ಮುಟ್ಟಿ ನೋಡಿರುತ್ತಾರೆ. ಮುಂದೆ ಹೇಳುವ ಕೆಲಸಕ್ಕೆ ಮೊದಲ ಎರಡೇ ಸಾಕು. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತರುವುದು ಬೇಡ.

1. ಆಟ ಎಷ್ಟು ಬಿಟ್ಟುಕೊಡುತ್ತದೆ, ಮೊದಲು ನೋಡಿ

ಎಲ್ಲ ಆಟದಲ್ಲೂ ಎಲ್ಲವನ್ನೂ ಬದಲಿಸಲು ಆಗುವುದಿಲ್ಲ. 1993ರ ಮಾಸ್ಟರ್ ಆಫ್ ಓರಿಯನ್‌ನಲ್ಲಿ ಹಡಗು ವಿನ್ಯಾಸ ಮಾಡುವಾಗ ಒಂದಷ್ಟು ಪುಟ್ಟ ಚಿತ್ರಗಳು ಸಿಗುತ್ತಿದ್ದವು. ಅದರಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. 1999ರ ಹೋಮ್‌ವರ್ಲ್ಡ್ ಎರಡು ಬಣ್ಣ ಕೊಟ್ಟಿತು, ಮೈಗೊಂದು, ಪಟ್ಟೆಗೊಂದು. 2003ರ ಹೋಮ್‌ವರ್ಲ್ಡ್ 2ರಲ್ಲಿ ಹಡಗಿನ ಮೈಮೇಲೆ ಅಂಟಿಸಲು ಒಂದು ಬ್ಯಾಡ್ಜ್ ಕೂಡ ಇತ್ತು. 2006ರ ಗ್ಯಾಲಕ್ಟಿಕ್ ಸಿವಿಲೈಸೇಶನ್ಸ್ 2 ಇನ್ನೂ ಮುಂದೆ ಹೋಯಿತು. ರೆಕ್ಕೆ, ಕಂಬ, ಬಾಲ, ದೀಪ ಅಂತ ಬಿಡಿಭಾಗ ಕೊಟ್ಟು ಹಡಗಿನ ಆಕಾರವನ್ನೇ ನಿಮ್ಮ ಕೈಗೆ ಒಪ್ಪಿಸಿತು. 2016ರ ಸ್ಟೆಲ್ಲಾರಿಸ್ ದಾರಿ ಬೇರೆ. ಅಲ್ಲಿ ತಯಾರಾಗಿರುವ ಶಿಪ್‌ಸೆಟ್‌ಗಳಲ್ಲಿ, ಅಂದರೆ ಇಡೀ ಪಡೆಯ ಹಡಗುಗಳ ರೂಪದ ಕಟ್ಟುಗಳಲ್ಲಿ, ಒಂದನ್ನು ಆರಿಸಬೇಕು. ನಮ್ಮ ಕೈಚಳಕಕ್ಕೆ ಉಳಿಯುವುದು ಧ್ವಜ, ಲಾಂಛನ ಮತ್ತು ಹೆಸರು.

ಯಾವುದು ಬರೀ ಅಲಂಕಾರ, ಯಾವುದು ಅಲ್ಲ ಅನ್ನುವುದನ್ನೂ ಈಗಲೇ ಬೇರ್ಪಡಿಸಿಕೊಳ್ಳಿ. ಸ್ಟೆಲ್ಲಾರಿಸ್‌ನ ಶಿಪ್ ಡಿಸೈನರ್‌ನಲ್ಲಿ ಹಾಕುವ ಲೇಸರ್, ಶೀಲ್ಡ್, ರಿಯಾಕ್ಟರ್ ಅಲಂಕಾರವಲ್ಲ, ಅದೇ ಯುದ್ಧ. ಸಾಮಾನ್ಯ ಶಿಪ್‌ಸೆಟ್ ಮಾತ್ರ ಬರೀ ಉಡುಪು. ಸಸ್ತನಿ ಜಾತಿಗೆ ಸಸ್ತನಿ ಶಿಪ್‌ಸೆಟ್ಟೇ ಆಗಬೇಕು ಅಂತಿಲ್ಲ. ಹಕ್ಕಿಮುಖದ ಜನರಿಗೆ ಅಣಬೆ ಜಾತಿಯವರ ಹಡಗು ಕೊಟ್ಟರೂ ಆಟಕ್ಕೆ ತಕರಾರಿಲ್ಲ. ಒಂದು ಅಪವಾದ ನೆನಪಿಡಿ. 2025ರಲ್ಲಿ ಬಂದ ಬಯೋಜೆನೆಸಿಸ್ ಅನ್ನುವ ಹೆಚ್ಚುವರಿ ಪ್ಯಾಕ್‌ನ ಜೀವಂತ ಹಡಗುಗಳನ್ನು ಆರಿಸಿದರೆ ಆಡುವ ಕ್ರಮವೇ ಬದಲಾಗುತ್ತದೆ. ನೋಟ ಚಂದ ಇದೆ ಅಂತ ಸುಮ್ನೆ ಅದನ್ನು ಒತ್ತಬೇಡಿ.

2. ಝೂಮ್ ಔಟ್ ಮಾಡಿ ಒಂದು ಫೋಟೊ ತೆಗೆಯಿರಿ

ಬಣ್ಣ ಆರಿಸುವ ಮೊದಲು ಈಗಾಗಲೇ ಆಡುತ್ತಿರುವ ಒಂದು ಆಟ ತೆರೆಯಿರಿ. ನೀವು ಸಾಮಾನ್ಯವಾಗಿ ಯಾವ ಎತ್ತರದಿಂದ ನೋಡುತ್ತೀರೋ ಅಲ್ಲಿಗೆ ಕ್ಯಾಮೆರಾ ತನ್ನಿ. ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಮೊಬೈಲಿಗೆ ಕಳಿಸಿ ಕೈ ಚಾಚಿ ಹಿಡಿದು ನೋಡಿ. ನಿಮ್ಮ ಹಡಗು ಎಷ್ಟು ದೊಡ್ಡದು ಕಾಣುತ್ತದೆ? ಹೆಚ್ಚಿನವರಿಗೆ ಇದೇ ಮೊದಲ ಆಘಾತ. ಗಂಟೆಗಟ್ಟಲೆ ಕೂತು ಜೋಡಿಸಿದ ಹಡಗು ಅಕ್ಕಿಕಾಳಿನಷ್ಟು ಇರುತ್ತದೆ.

ಸ್ಟೆಲ್ಲಾರಿಸ್‌ನಲ್ಲಂತೂ ಆಟದ ಬಹುಪಾಲು ಹೊತ್ತು ನೋಡುವುದು ಗ್ಯಾಲಕ್ಸಿ ನಕ್ಷೆಯನ್ನೇ. ಅಲ್ಲಿ ಹಡಗು ಕಾಣುವುದೇ ಇಲ್ಲ, ಪಡೆಯ ಗುರುತು ಮತ್ತು ಹೆಸರು ಮಾತ್ರ. ಹಾಗಾಗಿ ಆ ಆಟದಲ್ಲಿ ಶ್ರಮ ಹಾಕಬೇಕಾದ ಕ್ರಮ ಹೀಗೆ: ಧ್ವಜದ ಬಣ್ಣ, ಲಾಂಛನ, ಪಡೆಯ ಹೆಸರು, ಆಮೇಲೆ ಶಿಪ್‌ಸೆಟ್. ಹೋಮ್‌ವರ್ಲ್ಡ್‌ನಲ್ಲಿ ಮೈಬಣ್ಣ ಮೊದಲು. ಗ್ಯಾಲಕ್ಟಿಕ್ ಸಿವಿಲೈಸೇಶನ್ಸ್‌ನಲ್ಲಿ ಆಕಾರ ಮೊದಲು.

3. ಬಣ್ಣ: ಎರಡೇ ಸಾಕು, ಆದರೆ ಒಂದು ತಿಳಿ ಇರಲಿ

ಅಂತರಿಕ್ಷ ಕಪ್ಪು. ನಡುವೆ ನೀಲಿ, ನೇರಳೆ ಮೋಡ. ಈ ಹಿನ್ನೆಲೆಯಲ್ಲಿ ಕಡುನೀಲಿ, ಕಡುಹಸಿರು, ಬೂದು ಬಣ್ಣಗಳು ಮುಳುಗಿಹೋಗುತ್ತವೆ. ಮಂಜೇಶ್ವರದ ಬಂದರಿನಲ್ಲಿ ನಿಂತು ನೋಡಿ. ಕೇರಳದ ಯಾಂತ್ರಿಕ ಮೀನುಗಾರಿಕೆ ಬೋಟುಗಳಿಗೆ ಸರಕಾರ ಗೊತ್ತುಮಾಡಿದ ಬಣ್ಣ ಇದೆ: ಒಡಲು ಕಡುನೀಲಿ, ಮೇಲಿನ ವೀಲ್‌ಹೌಸ್ ಕಣ್ಣು ಕುಕ್ಕುವ ಕಿತ್ತಳೆ. ಬೋಟು ಒಳಗೊಳಗೆ ಹೋದ ಹಾಗೆ ನೀಲಿ ಸಮುದ್ರಕ್ಕೆ ಸೇರಿಕೊಂಡು ಕಾಣದಾಗುತ್ತದೆ, ಕಿತ್ತಳೆ ಚುಕ್ಕಿ ಮಾತ್ರ ಉಳಿಯುತ್ತದೆ. ಹಡಗಿನ ಬಣ್ಣಕ್ಕೂ ಇದೇ ಲೆಕ್ಕ. ಒಂದು ಬಣ್ಣ ಮೈಗೆ, ಇನ್ನೊಂದು ದೂರಕ್ಕೆ.

ಬಣ್ಣಗಳನ್ನು ಊರಿಂದಲೇ ಎತ್ತಿಕೊಳ್ಳಬಹುದು. ಕೆಲವನ್ನು ಹೇಳುತ್ತೇನೆ.

ಬೇಕಲ ಕೋಟೆಯ ಮುರಕಲ್ಲಿನ ಕೆಂಪುಕಂದು ಮತ್ತು ಸುಣ್ಣದ ಬಿಳಿ. ಕಪ್ಪು ಹಿನ್ನೆಲೆಯಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಹೋಮ್‌ವರ್ಲ್ಡ್‌ನಂತೆ ಬಣ್ಣವನ್ನು ನೀವೇ ಕಲಸಿಕೊಳ್ಳುವ ಆಟವಾದರೆ ಕೆಂಪು 190, ಹಸಿರು 85, ನೀಲಿ 45ರ ಆಸುಪಾಸಿನಿಂದ ಶುರು ಮಾಡಿ. ಕಂದು ಜಾಸ್ತಿಯಾದರೆ ಮಳೆಗಾಲದ ಪಾಚಿ ಹಿಡಿದ ಗೋಡೆಯಾಗುತ್ತದೆ. ಬೇಸಗೆಯ ಕೋಟೆಯನ್ನು ನೆನೆಸಿಕೊಳ್ಳಿ.

ಅಡಿಕೆ ತೋಟದ ಹಸಿರು ಮತ್ತು ಹಣ್ಣಡಿಕೆಯ ಕೇಸರಿ. ಇಲ್ಲಿ ಎಲ್ಲರೂ ಹಸಿರನ್ನೇ ಮೈಗೆ ಹಾಕುತ್ತಾರೆ, ಹಡಗು ಕತ್ತಲಲ್ಲಿ ಕರಗುತ್ತದೆ. ತಿರುಗಿಸಿ ಹಾಕಿ. ಕೇಸರಿ ಮೈಗೆ, ಹಸಿರು ಪಟ್ಟೆಗೆ.

ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ಕಾಸರಗೋಡು ಕೈಮಗ್ಗದ ಸೀರೆಯ ಅಂಚುಗಳನ್ನೂ ನೋಡಿ. ಮೈಗೂ ಅಂಚಿಗೂ ಬಣ್ಣ ಹೊಂದಿಸುವುದು ನೇಕಾರರಿಗೆ ನಿತ್ಯದ ಕೆಲಸ. ಒಳ್ಳೆಯ ಸೀರೆಯೊಂದರ ಫೋಟೊ ತೆಗೆದು ಜಿಂಪ್‌ನ ಕಲರ್ ಪಿಕ್ಕರ್‌ನಿಂದ ಎರಡು ಬಣ್ಣ ಎತ್ತಿದರೆ ಅರ್ಧ ತಲೆನೋವು ಕಡಿಮೆ.

ಬಣ್ಣ ಸರಿಯಾಯಿತೇ ಅಂತ ನೋಡಲು ಒಂದು ಪರೀಕ್ಷೆ ಇದೆ. ಆ ಎರಡು ಬಣ್ಣದ ಚೌಕಗಳನ್ನು ಜಿಂಪ್‌ನಲ್ಲಿ ಅಕ್ಕಪಕ್ಕ ಇಟ್ಟು, ಕಲರ್ಸ್ ಮೆನುವಿನ ಡಿಸ್ಯಾಚುರೇಟ್ ಒತ್ತಿ. ಎರಡೂ ಒಂದೇ ಬೂದು ಆದರೆ ಆ ಜೋಡಿ ಬೇಡ. ಬಣ್ಣ ಬೇರೆಯಾದರೂ ತಿಳಿ, ಕಡುವಿನ ಮಟ್ಟ ಒಂದೇ ಇದ್ದರೆ ದೂರದಿಂದ ಪಟ್ಟೆ ಕಾಣುವುದಿಲ್ಲ. ಗೆಳೆಯರ ಜೊತೆ ಆಡುವವರು ಇದನ್ನು ತಪ್ಪಿಸಲೇಬಾರದು. ಕೆಂಪು ಹಸಿರು ಬೇರ್ಪಡಿಸಲು ಕಷ್ಟವಾಗುವವರು ಗಂಡುಹುಡುಗರಲ್ಲೇ ಜಾಸ್ತಿ, ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ. ನಿಮ್ಮ ಕೆಂಪು ಪಡೆ, ಅವನ ಹಸಿರು ಪಡೆ ಅವನ ಕಣ್ಣಿಗೆ ಒಂದೇ ಆಗಿರಬಹುದು.

ಸ್ಟೆಲ್ಲಾರಿಸ್‌ನಲ್ಲಿ ಇಷ್ಟೆಲ್ಲ ಸ್ವಾತಂತ್ರ್ಯ ಇಲ್ಲ. ಧ್ವಜದ ಪುಟದಲ್ಲಿ ಕೊಟ್ಟಿರುವ ಬಣ್ಣಗಳಲ್ಲೇ ಎರಡನ್ನು ಆರಿಸಬೇಕು. ಧ್ವಜಕ್ಕೆ ಹಾಕಿದ ಬಣ್ಣ ನಕ್ಷೆಯ ಗಡಿಯಲ್ಲೂ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಕಪ್ಪು ಹಾಕಿದರೆ ನಿಮ್ಮ ದೇಶವೇ ನಕ್ಷೆಯಿಂದ ಮಾಯ.

4. ಲಾಂಛನ: ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು

ಬಣ್ಣದಿಂದ ಗುರುತು ಸಿಗುತ್ತದೆ, ಲಾಂಛನದಿಂದ ಅದು ನಿಮ್ಮದಾಗುತ್ತದೆ. ಆಟದಲ್ಲಿ ಸಿಗುವ ತಯಾರಿ ಲಾಂಛನಗಳು ಕೆಟ್ಟದಿಲ್ಲ, ಆದರೆ ಅವು ಎಲ್ಲರಲ್ಲೂ ಇವೆ. ಸ್ವಂತದ್ದು ಮಾಡುವುದು ಒಂದು ರಜೆಯ ದಿನದ ಕೆಲಸ.

ಮೊದಲು ಅಳತೆ. ಸ್ಟೆಲ್ಲಾರಿಸ್ ಒಂದೇ ಲಾಂಛನವನ್ನು ಮೂರು ಗಾತ್ರದಲ್ಲಿ ಕೇಳುತ್ತದೆ: ಮುಖ್ಯ ಚಿತ್ರ 128 ಪಿಕ್ಸೆಲ್ ಚೌಕ, ನಕ್ಷೆಯದ್ದು 256, ಪಟ್ಟಿಗಳಲ್ಲಿ ಬರುವ ಪುಟಾಣಿ 24. ಹೋಮ್‌ವರ್ಲ್ಡ್ 2ರ ಬ್ಯಾಡ್ಜ್ 64 ಪಿಕ್ಸೆಲ್ ಚೌಕದ ಟಿಜಿಎ ಫೈಲ್. ಎಲ್ಲರೂ 256ಕ್ಕೆ ಚಂದ ಮಾಡಿ 24ಕ್ಕೆ ಕುಗ್ಗಿಸುತ್ತಾರೆ. ಉಲ್ಟಾ ಮಾಡಿ. 24ರಲ್ಲಿ ಕಂಡದ್ದು 256ರಲ್ಲಿ ಕಂಡೇ ಕಾಣುತ್ತದೆ.

ಇಂಕ್‌ಸ್ಕೇಪ್ ತೆರೆದು ಪುಟವನ್ನು 512 ಪಿಕ್ಸೆಲ್ ಚೌಕ ಮಾಡಿಕೊಳ್ಳಿ. ಈಗ ಒಂದು ಸಣ್ಣ ಲೆಕ್ಕ. 512ನ್ನು 24ರಿಂದ ಭಾಗಿಸಿದರೆ 21 ಚಿಲ್ಲರೆ. ಅಂದರೆ ನಿಮ್ಮ ದೊಡ್ಡ ಪುಟದ 21 ಪಿಕ್ಸೆಲ್, ಪುಟಾಣಿ ಚಿತ್ರದಲ್ಲಿ ಒಂದೇ ಒಂದು ಚುಕ್ಕಿ. ಗೆರೆ ಸರಿಯಾಗಿ ಕಾಣಲು ಕನಿಷ್ಠ ಎರಡು ಚುಕ್ಕಿ ಬೇಕು. ಹಾಗಾದರೆ 43 ಪಿಕ್ಸೆಲ್‌ಗಿಂತ ತೆಳುವಾದ ಗೆರೆ ಎಳೆಯಬೇಡಿ. ಗೆರೆಗಳ ನಡುವಿನ ಜಾಗವೂ ಅಷ್ಟೇ ಇರಲಿ. ಈ ಒಂದು ನಿಯಮ ಪಾಲಿಸಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಎಂಟನೇ ಕ್ಲಾಸಿನ ಅಕ್ಕನ ಮಗಳು ಮಾಡಿದ ಲಾಂಛನವನ್ನೇ ಉದಾಹರಣೆ ತಗೊಳ್ಳಿ. ಅವಳು ಆರಿಸಿದ್ದು ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಕಿರೀಟ, ಕೇಸರಿ ತಟ್ಟಿ. ಆಯ್ಕೆ ಒಳ್ಳೆಯದೇ. ತಲೆಯ ಹಿಂದೆ ಅಷ್ಟು ದೊಡ್ಡ ವೃತ್ತ ಇರುವ ಕಿರೀಟ ಬಯಲಾಟದ ಕೊನೆಯ ಸಾಲಿನಿಂದಲೂ ಕಾಣುತ್ತದೆ. ಆದರೆ ಅವಳು ಒಂದೊಂದು ಮಣಿ, ಒಂದೊಂದು ನವಿಲುಗರಿ ಬಿಡದೆ ಬಿಡಿಸಿದ್ದಳು. ಇಂಕ್‌ಸ್ಕೇಪ್‌ನ ವ್ಯೂ ಮೆನುವಿನಲ್ಲಿ ಐಕಾನ್ ಪ್ರಿವ್ಯೂ ಅಂತ ಇದೆ. ಬಿಡಿಸುತ್ತಿರುವ ಚಿತ್ರ 16, 24, 32, 48, 128 ಪಿಕ್ಸೆಲ್‌ನಲ್ಲಿ ಹೇಗೆ ಕಾಣುತ್ತದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಅದನ್ನು ತೆರೆದದ್ದೇ ಅವಳ ಮುಖ ಸಪ್ಪೆ.

"ಮಾವ, 24ರಲ್ಲಿ ಇದು ಎಂತದ್ದು ಅಂತ ನನಗೇ ಗೊತ್ತಾಗುವುದಿಲ್ಲ."

"ಒಂದೊಂದಾಗಿ ಅಳಿಸು ನೋಡುವ. ಎಲ್ಲಿಗೆ ಬಂದಾಗ ಕಿರೀಟ ಅನ್ನಿಸುತ್ತದೋ ಅಲ್ಲಿ ನಿಲ್ಲಿಸು."

ಮಣಿ ಹೋಯಿತು. ಗರಿ ಹೋಯಿತು. ಕಿವಿಯ ಆಭರಣ ಹೋಗುವಾಗ ಸ್ವಲ್ಪ ಜಗಳ ಆಯಿತು. ಕೊನೆಗೆ ಉಳಿದದ್ದು ದಪ್ಪ ವೃತ್ತ, ಅದರೊಳಗೆ ಮೊನೆಯಾದ ಕಿರೀಟದ ಆಕಾರ, ಕೆಳಗೊಂದು ಅಡ್ಡಗೆರೆ. ಈಗ 24ರಲ್ಲೂ ಗೊತ್ತಾಗುತ್ತಿತ್ತು. ಅಳಿಸಿದ ಗರಿಗಳನ್ನು ಅವಳು 256ರ ಪ್ರತಿಗೆ ಮಾತ್ರ ವಾಪಸ್ ಹಾಕಿಕೊಂಡಳು. ಅದು ಸರಿಯಾದ ಉಪಾಯ. ಮೂರು ಗಾತ್ರಕ್ಕೂ ಒಂದೇ ಚಿತ್ರ ಇರಬೇಕು ಅಂತ ಯಾರೂ ಹೇಳಿಲ್ಲ.

ಕನ್ನಡ ಅಕ್ಷರವನ್ನೇ ಲಾಂಛನ ಮಾಡುವ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಫಾಂಟ್ ಬಳಸಿ, ನೋಟೊ ಸಾನ್ಸ್ ಕನ್ನಡದಂಥದ್ದು. ಹಳೆಯ ಡಿಟಿಪಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ. ಅಕ್ಷರ ಸರಿಯಾಗಿ ಕೂತ ಮೇಲೆ ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ. ಅದು ಇನ್ನು ಅಕ್ಷರವಲ್ಲ, ಚಿತ್ರ. ಅದೇ ಮೆನುವಿನ ಔಟ್‌ಸೆಟ್ ಒತ್ತಿದಷ್ಟೂ ದಪ್ಪವಾಗುತ್ತದೆ. ಒತ್ತಕ್ಷರಗಳಿಗೆ ಹೋಗಬೇಡಿ. ಕ್ಷ, ಜ್ಞ ಎಲ್ಲ 24 ಪಿಕ್ಸೆಲ್‌ನಲ್ಲಿ ಶಾಯಿ ಚೆಲ್ಲಿದ ಹಾಗಾಗುತ್ತವೆ. ರ, ಗ, ಠ ಒಳ್ಳೆಯವು. ನನ್ನ ಓಟು ಠಕ್ಕೆ. ದುಂಡಗಿನ ಮೈ, ನಡುವಲ್ಲಿ ಚುಕ್ಕಿ, ಗ್ರಹದ ಲಾಂಛನಕ್ಕೆ ಇದಕ್ಕಿಂತ ಬೇರೆ ಬೇಕೇ? ಇಂಟರ್‌ನೆಟ್ಟಿನಲ್ಲಿ ಎರಡು ಠ ಪಕ್ಕಪಕ್ಕ ಇಟ್ಟು ಗುರಾಯಿಸುವ ಮುಖ ಮಾಡುವುದು ಕನ್ನಡದ ಗಂಧಗಾಳಿ ಇಲ್ಲದವರಿಗೂ ಗೊತ್ತು. ಶತ್ರು ಪಡೆಗೆ ಗುರಾಯಿಸುವ ಠ ತೋರಿಸುವುದರಲ್ಲಿ ಒಂದು ಮಜಾ ಇದೆ.

ಇಲ್ಲೊಂದು ಮಾತು. ದೈವದ ಮೊಗ, ಅಣಿ, ತೆಯ್ಯಂನ ಮುಖವರ್ಣಿಕೆ ಇವೆಲ್ಲ ಲಾಂಛನಕ್ಕೆ ಬಹಳ ಚೆನ್ನಾಗಿ ಒಗ್ಗುತ್ತವೆ, ನಿಜ. ನಾನು ಬಳಸುವುದಿಲ್ಲ. ನಂಬುವವರ ಮನೆಯಲ್ಲಿ ಅದು ಬರೀ ಚಿತ್ರ ಅಲ್ಲ. ನಾಳೆ ಆಟದಲ್ಲಿ ಯಾರದೋ ಗ್ರಹವನ್ನು ಪುಡಿಮಾಡುವ ಹಡಗಿನ ಗುರುತು ಅದಾಗಿದ್ದರೆ ನೋಡಿದವರಿಗೆ ನೋವಾಗಬಹುದು. ಆ ಬಣ್ಣಗಳನ್ನು ತಗೊಳ್ಳಿ, ಮುಖವನ್ನು ಬಿಡಿ.

5. ಲಾಂಛನವನ್ನು ಆಟಕ್ಕೆ ಹಾಕುವುದು

ಇಂಕ್‌ಸ್ಕೇಪ್‌ನಿಂದ ಮೂರು ಗಾತ್ರದ ಪಿಎನ್‌ಜಿಗಳನ್ನು ಬೇರೆ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ. ದೊಡ್ಡದನ್ನು ತೆಗೆದು ಜಿಂಪ್‌ನಲ್ಲಿ ಕುಗ್ಗಿಸಿದರೆ ಅಂಚು ಮಸುಕಾಗುತ್ತದೆ. ಹಿನ್ನೆಲೆ ಪಾರದರ್ಶಕ ಇರಲಿ, ಲಾಂಛನ ಬಿಳಿ ಅಥವಾ ಬಿಳಿಗೆ ಹತ್ತಿರ ಇರಲಿ.

ಆಮೇಲೆ ಮೂರನ್ನೂ ಜಿಂಪ್‌ನಲ್ಲಿ ತೆರೆದು ಡಿಡಿಎಸ್ ಆಗಿ, ಅಂದರೆ ಆಟ ಓದುವ ಚಿತ್ರದ ಫೈಲ್ ಆಗಿ, ಎಕ್ಸ್‌ಪೋರ್ಟ್ ಮಾಡಿ. ಈಗಿನ ಜಿಂಪ್‌ನಲ್ಲಿ ಇದಕ್ಕೆ ಪ್ಲಗಿನ್ ಹುಡುಕುವ ಕೆಲಸ ಇಲ್ಲ, ಒಳಗೇ ಇದೆ. ಕೇಳುವ ಪ್ರಶ್ನೆಗಳಲ್ಲಿ ಕಂಪ್ರೆಶನ್ ಬೇಡ ಅನ್ನಿ, ಮಿಪ್‌ಮ್ಯಾಪ್ ಬೇಡ ಅನ್ನಿ. ಮೂರು ಫೈಲಿಗೂ ಒಂದೇ ಹೆಸರು ಕೊಡಿ. ಇಂಗ್ಲಿಷ್ ಸಣ್ಣಕ್ಷರ, ನಡುವೆ ಜಾಗ ಬಿಡಬೇಡಿ.

ಸ್ಟೆಲ್ಲಾರಿಸ್ ಶುರುವಾಗುವಾಗ ಬರುವ ಪ್ಯಾರಡಾಕ್ಸ್ ಲಾಂಚರ್‌ನಲ್ಲಿ ಹೊಸ ಮಾಡ್, ಅಂದರೆ ಆಟಕ್ಕೆ ನಾವೇ ಸೇರಿಸುವ ಬದಲಾವಣೆಯ ಕಟ್ಟು, ಸೃಷ್ಟಿಸುವ ಆಯ್ಕೆ ಇದೆ. ಅದಕ್ಕೆ ಹೆಸರು ಕೊಟ್ಟರೆ ಡಾಕ್ಯುಮೆಂಟ್ಸ್‌ನ ಪ್ಯಾರಡಾಕ್ಸ್ ಇಂಟರ್ಯಾಕ್ಟಿವ್ ಫೋಲ್ಡರ್‌ನಲ್ಲಿ, ಸ್ಟೆಲ್ಲಾರಿಸ್‌ನ ಒಳಗೆ, ಮಾಡ್ ಅನ್ನುವಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಲಿನಕ್ಸ್‌ನವರಿಗೆ ಇದು ಹೋಮ್‌ನೊಳಗಿನ ಡಾಟ್ ಲೋಕಲ್, ಅದರೊಳಗೆ ಶೇರ್. ಚುಕ್ಕಿಯಿಂದ ಶುರುವಾಗುವ ಫೋಲ್ಡರ್ ಅಡಗಿರುತ್ತದೆ, ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಕಾಣುತ್ತದೆ.

ಆ ಮಾಡ್ ಫೋಲ್ಡರ್‌ನಲ್ಲಿ ಫ್ಲ್ಯಾಗ್ಸ್ ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ನಿಮ್ಮ ಗುಂಪಿನ ಹೆಸರಿನದ್ದೊಂದು, ಕಾಸರಗೋಡು ಅಂತಲೇ ಇಡಿ ಬೇಕಾದರೆ. 128ರ ಚಿತ್ರ ನೇರ ಅದರೊಳಗೆ ಹೋಗುತ್ತದೆ. ಅದರ ಒಳಗೇ ಮ್ಯಾಪ್ ಮತ್ತು ಸ್ಮಾಲ್ ಅಂತ ಇನ್ನೆರಡು ಫೋಲ್ಡರ್. 256 ಮ್ಯಾಪ್‌ಗೆ, 24 ಸ್ಮಾಲ್‌ಗೆ. ಇವೆಲ್ಲ ಹೆಸರನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಲಾಂಚರ್‌ನಲ್ಲಿ ಮಾಡನ್ನು ಆನ್ ಮಾಡಿ ಆಟ ಹೊಸದಾಗಿ ಶುರುಮಾಡಿದರೆ ಧ್ವಜದ ಪುಟದಲ್ಲಿ ನಿಮ್ಮ ಗುಂಪು ಸಿಗುತ್ತದೆ. ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಫೋಲ್ಡರ್ ಒಂದು ಮೆಟ್ಟಿಲು ಮೇಲೋ ಕೆಳಗೋ ಆಗಿರುತ್ತದೆ.

ಇದರಿಂದ ಅಚೀವ್‌ಮೆಂಟ್, ಅಂದರೆ ಆಟ ಕೊಡುವ ಸಾಧನೆಯ ಪದಕ, ನಿಂತುಹೋಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ನೀವೇ ನೋಡಿಕೊಳ್ಳಬಹುದು. ಆಟದ ಮೊದಲ ಪರದೆಯಲ್ಲಿ ಆವೃತ್ತಿಯ ಸಂಖ್ಯೆಯ ಪಕ್ಕ ನಾಲ್ಕು ಅಕ್ಷರದ ಒಂದು ಚೆಕ್‌ಸಮ್, ಅಂದರೆ ಆಟದ ಫೈಲ್ ಬದಲಾಗಿದೆಯೇ ಅಂತ ಹೇಳುವ ಗುರುತು, ಇರುತ್ತದೆ. ಮಾಡ್ ಹಾಕುವ ಮೊದಲು ಅದನ್ನು ಬರೆದಿಟ್ಟುಕೊಳ್ಳಿ, ಹಾಕಿದ ಮೇಲೆ ಮತ್ತೆ ನೋಡಿ. ಬದಲಾಗಿಲ್ಲ ಅಂದರೆ ತೊಂದರೆ ಇಲ್ಲ. ಧ್ವಜದ ಚಿತ್ರ ಮಾತ್ರ ಸೇರಿಸಿದರೆ ಅದು ಬದಲಾಗುವುದಿಲ್ಲ. ಆಟದ ನಿಯಮಗಳ ಫೈಲ್ ಮುಟ್ಟಿದರೆ ಬದಲಾಗುತ್ತದೆ, ಆಗ ಗೆಳೆಯರ ಜೊತೆ ಆಡುವಾಗಲೂ ಅವರ ಚೆಕ್‌ಸಮ್‌ಗೆ ನಿಮ್ಮದು ಹೊಂದದೆ ಕಿರಿಕಿರಿ.

6. ಹೆಸರಿಡುವುದು

ನನಗೆ ಎಲ್ಲಕ್ಕಿಂತ ಖುಷಿಯ ಭಾಗ ಇದು. ಖರ್ಚಿಲ್ಲ, ಮಾಡ್ ಬೇಡ, ಸಾಫ್ಟ್‌ವೇರ್ ಬೇಡ. ಸ್ಟೆಲ್ಲಾರಿಸ್‌ನಲ್ಲಿ ಪಡೆಯ ಹೆಸರಿನ ಮೇಲೆ ಒತ್ತಿ ಬೇಕಾದ್ದು ಬರೆಯಬಹುದು. ಹಡಗಿಗೂ ಹಾಗೇ.

ಕನ್ನಡ ಲಿಪಿಯಲ್ಲಿ ಬರೆಯಲು ಹೋಗಬೇಡಿ. ಸ್ಟೆಲ್ಲಾರಿಸ್‌ನ ಫಾಂಟ್‌ನಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಮಂಜೇಶ್ವರ ಅಂತ ಬರೆಯುತ್ತೀರೋ, ಮಲಯಾಳದ ಹಾಗೆ ಕೊನೆಗೊಂದು 'ಮ್' ಸೇರಿಸುತ್ತೀರೋ ನಿಮ್ಮಿಷ್ಟ. ನಾನಂತೂ ಸೇರಿಸುವುದಿಲ್ಲ.

ಹೆಸರಿಗೆ ಒಂದು ಕ್ರಮ ಇದ್ದರೆ ಹೆಸರು ಕೇಳಿದೊಡನೆ ಅದು ಯಾವ ತರದ್ದು ಅಂತ ಗೊತ್ತಾಗುತ್ತದೆ. ಪಡೆಗಳಿಗೆ ನದಿಗಳ ಹೆಸರಿಡಿ. ಕಾಸರಗೋಡು ಜಿಲ್ಲೆಯಲ್ಲಿ ನದಿಗೇನು ಬರಗಾಲವೇ? ಕೇರಳದ 44 ನದಿಗಳಲ್ಲಿ 12 ನಮ್ಮಲ್ಲೇ ಇವೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು ಅಂತ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಾ ಇರಿ. ನಕ್ಷೆಯಲ್ಲಿ ಉತ್ತರದ ಗಡಿ ಕಾಯುವ ಪಡೆಗೆ ಮಂಜೇಶ್ವರ, ತೆಂಕು ತುದಿಯದ್ದಕ್ಕೆ ಕಾರ್ಯಂಗೋಡು ಅಂತ ಇಟ್ಟರೆ ಯಾವ ಪಡೆ ಎಲ್ಲಿದೆ ಅಂತ ಹುಡುಕುವ ಪ್ರಮೇಯವೇ ಇಲ್ಲ. ದೊಡ್ಡ ಪಡೆ ಚಂದ್ರಗಿರಿಯೇ ಆಗಲಿ.

ನೆಲೆಗಳಿಗೆ, ಅಂದರೆ ಸ್ಟಾರ್‌ಬೇಸ್‌ಗಳಿಗೆ ಕೋಟೆಗಳು. ಬೇಕಲ, ಹೊಸದುರ್ಗ, ಪೊವ್ವಲ್, ಆರಿಕ್ಕಾಡಿ. ಚಂದ್ರಗಿರಿಯಲ್ಲೂ ಕೋಟೆ ಇದೆ, ಆದರೆ ಹೆಸರು ಪಡೆಗೆ ಖರ್ಚಾಗಿದೆ.

ಕಾರ್ವೆಟ್‌ಗಳಿಗೆ, ಅಂದರೆ ಅತಿ ಸಣ್ಣ ಯುದ್ಧನೌಕೆಗಳಿಗೆ, ಬಸ್ ನಿಲ್ಲುವ ಊರುಗಳ ಹೆಸರು ಸಾಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಸೀತಾಂಗೋಳಿ, ಪೈವಳಿಕೆ, ವರ್ಕಾಡಿ. ಆದರೆ ಕಾರ್ವೆಟ್‌ಗಳು ಮೊದಲ ಗುಂಡಿಗೇ ಹೋಗುವ ಜಾತಿ. ಸ್ವಂತ ಊರಿನ ಹೆಸರನ್ನು ಅದಕ್ಕೆ ಇಡಬೇಡಿ, ಮೊದಲ ಯುದ್ಧದಲ್ಲೇ ನೀರ್ಚಾಲು ಸ್ಫೋಟ ಅಂತ ಓದುವುದು ಒಳ್ಳೆಯ ಅನುಭವವಲ್ಲ. ನಿಜ ಹೇಳಬೇಕಾದರೆ ಕಾರ್ವೆಟ್‌ಗಳಿಗೆ ಕೈಯಾರೆ ಹೆಸರಿಡುವುದೇ ವ್ಯರ್ಥ. ಆಟ ಇಟ್ಟ ಹೆಸರಲ್ಲೇ ಸಾಯಲಿ. ಬ್ಯಾಟಲ್‌ಶಿಪ್, ಟೈಟನ್ ಇಂಥ ಬಾಳಿ ಬದುಕುವ ಹಡಗುಗಳಿಗೆ ಮಾತ್ರ ಹೆಸರಿನ ಶ್ರಮ.

ಇನ್ನು ವಿನ್ಯಾಸದ ಹೆಸರು. ಹೊಸ ತಂತ್ರಜ್ಞಾನ ಬಂದ ಹಾಗೆ ಶಿಪ್ ಡಿಸೈನರ್‌ನಲ್ಲಿ ಹಳೆಯದನ್ನು ಸುಧಾರಿಸಿ ಹೊಸ ಹೆಸರಿನಲ್ಲಿ ಉಳಿಸುತ್ತೇವೆ. ಒಂದು, ಎರಡು, ಮೂರು ಅಂತ ಸಂಖ್ಯೆ ಹಾಕುವುದಕ್ಕಿಂತ ಅಡಿಕೆ ತಳಿಗಳನ್ನು ತಗೊಳ್ಳಿ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಿಂದ ಬಂದವು ಮಂಗಳ, ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ, ಸ್ವರ್ಣಮಂಗಳ. ಮೊದಲ ಕ್ರೂಸರ್ ಮಂಗಳ, ಸುಧಾರಿಸಿದ್ದು ಸುಮಂಗಳ, ಕೊನೆಯದ್ದು ಸ್ವರ್ಣಮಂಗಳ. ತೋಟ ಇರುವ ಮನೆಯವರಿಗೆ ಯಾವುದು ಹೊಸತು ಅಂತ ವಿವರಿಸಿ ಹೇಳುವ ಅಗತ್ಯ ಇಲ್ಲ. ವಿಜ್ಞಾನ ನೌಕೆಗಳಿಗೆ ಪೊಸಡಿಗುಂಪೆ, ರಾಣಿಪುರಂ. ಎತ್ತರಕ್ಕೆ ಹತ್ತಿ ದೂರ ನೋಡುವ ಕೆಲಸ ತಾನೇ ಅವುಗಳದ್ದು.

7. ಆಕಾರ ಕಟ್ಟುವುದು

ಗ್ಯಾಲಕ್ಟಿಕ್ ಸಿವಿಲೈಸೇಶನ್ಸ್ ಸರಣಿ ಇರುವುದೇ ಇದಕ್ಕೆ. ಅಲ್ಲಿ ಅಲಂಕಾರದ ಭಾಗಗಳಿಗೆ ದುಡ್ಡೂ ಬೇಡ, ಹಡಗಿನಲ್ಲಿ ಜಾಗವೂ ಬೇಡ. ಎಷ್ಟು ಬೇಕಾದರೂ ಅಂಟಿಸಬಹುದು. ಅದೇ ಅಪಾಯ. 2015ರ ಮೂರನೇ ಆಟದಲ್ಲಿ ಪ್ರತಿ ಭಾಗವನ್ನೂ ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ಜೋಡಿಸಲು ಆಗುತ್ತದೆ. ಹೊಸಬರು ನೂರು ತುಂಡು ಅಂಟಿಸಿಬಿಡುತ್ತಾರೆ. ಹತ್ತಿರದಿಂದ ಅದು ಅರಮನೆ, ದೂರದಿಂದ ಕಸದ ರಾಶಿ. ಅಂಥ ಹಡಗು ಮೂವತ್ತು ನಲವತ್ತು ಒಟ್ಟಿಗೆ ಬಂದರೆ ಹಳೆಯ ಲ್ಯಾಪ್‌ಟಾಪ್‌ನ ಫ್ಯಾನ್ ಕೂಗತೊಡಗುತ್ತದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಕಾಗದದ ಮೇಲೆ ಕರಿ ಪೆನ್ನಿನಲ್ಲಿ ಹಡಗಿನ ನೆರಳು ಮಾತ್ರ ಬಿಡಿಸುತ್ತೇನೆ, ಒಳಗೆ ಏನೂ ಇಲ್ಲ, ಪೂರ್ತಿ ಕಪ್ಪು. ಯುದ್ಧನೌಕೆ ಉದ್ದ, ಮುಂದೆ ಚೂಪು. ವಸಾಹತು ನೌಕೆ ದುಂಡು ಹೊಟ್ಟೆ. ಕಟ್ಟಡ ಕೆಲಸದ ನೌಕೆ ಚೌಕ, ಪಕ್ಕಕ್ಕೆ ತೋಳು. ಮೂರು ನೆರಳನ್ನೂ ಅಕ್ಕಪಕ್ಕ ಇಟ್ಟಾಗ ಗೊಂದಲ ಆಗದಿದ್ದರೆ ಮಾತ್ರ ಆಟ ತೆರೆಯುವುದು. ದೊಡ್ಡ ಭಾಗಗಳು ಮೂರೋ ನಾಲ್ಕೋ ಹಾಕಿ ಆ ನೆರಳನ್ನು ತರಬೇಕು. ಎಡಕ್ಕೆ ಇಟ್ಟದ್ದನ್ನು ಬಲಕ್ಕೂ ಇಡಿ. ಬೇಕೆಂದೇ ಸೊಟ್ಟ ಮಾಡುವುದಾದರೆ ಇಡೀ ಪಡೆಯಲ್ಲಿ ಒಂದೇ ಕಡೆಗೆ ಸೊಟ್ಟ ಇರಲಿ, ಅದೇ ನಿಮ್ಮ ಗುರುತಾಗುತ್ತದೆ.

ಆಮೇಲೆ ಸಣ್ಣ ಅಲಂಕಾರ. ಎಲ್ಲವೂ ಬೆನ್ನ ಮೇಲೆ ಮತ್ತು ಬಾಲದಲ್ಲಿ. ಕ್ಯಾಮೆರಾ ಮೇಲಿನಿಂದ ನೋಡುವುದರಿಂದ ಹೊಟ್ಟೆಯ ಕೆಳಗೆ ಮಾಡಿದ ಕೆಲಸ ನಿಮಗೊಬ್ಬರಿಗೇ ಗೊತ್ತಿರುತ್ತದೆ.

ಸ್ಟೆಲ್ಲಾರಿಸ್‌ನಲ್ಲಿ ಆಕಾರ ಕಟ್ಟಲು ಆಗುವುದಿಲ್ಲ, ಆರಿಸಬೇಕು. ಸಾಮ್ರಾಜ್ಯ ಸೃಷ್ಟಿಸುವಾಗ ಹಡಗಿನ ರೂಪದ ಪುಟದಲ್ಲಿ ಒಂದೊಂದನ್ನೇ ತಿರುಗಿಸಿ ನೋಡಿ, ಮೇಲಿನಿಂದ ನೋಡಿ. ಬೇಕಲದ ಕೆಂಪು ಆರಿಸಿದವರಿಗೆ 2019ರ ಲಿಥಾಯ್ಡ್ಸ್ ಪ್ಯಾಕ್‌ನ ಕಲ್ಲು ಹರಳಿನ ಹಡಗುಗಳು ಹೊಂದುತ್ತವೆ. ಕಡಲ ಕಡೆಯವರಿಗೆ 2021ರ ಅಕ್ವಾಟಿಕ್ಸ್ ಇದೆ, ಸಮುದ್ರ ಜೀವಿಗಳ ನೋಟ. ಎರಡೂ ದುಡ್ಡು ಕೊಟ್ಟು ಕೊಳ್ಳಬೇಕಾದವು. ಅವಸರ ಬೇಡ. ಆಟ ಮಾರುವ ಸ್ಟೀಮ್ ಅಂಗಡಿಯಲ್ಲಿ ವರ್ಷಕ್ಕೆ ಹಲವು ಸಲ ಸೇಲ್ ಬರುತ್ತದೆ, ಇಂಥವುಗಳ ಬೆಲೆ ಆಗ ಚೆನ್ನಾಗಿ ಇಳಿಯುತ್ತದೆ. ಮೂಲ ಆಟದ ಜೊತೆ ಬರುವ ಶಿಪ್‌ಸೆಟ್‌ಗಳಲ್ಲಿ ಒಂದು ಪೂರ್ತಿ ಆಟ ಮುಗಿಸಿದ ಮೇಲೂ ಬೇಕು ಅನ್ನಿಸಿದರೆ ಆಗ ಕೊಳ್ಳಿ. ನೋಟಕ್ಕಾಗಿ ಮಾತ್ರ ಪೂರ್ತಿ ಬೆಲೆ ಕೊಡುವುದು ನನ್ನ ಪ್ರಕಾರ ದಂಡ.

8. ಮಾಡಿದ್ದನ್ನು ಉಳಿಸಿಕೊಳ್ಳಿ

ಸ್ಟೆಲ್ಲಾರಿಸ್‌ನಲ್ಲಿ ನೀವು ಸೃಷ್ಟಿಸಿದ ಸಾಮ್ರಾಜ್ಯಗಳೆಲ್ಲ ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತವೆ. ಮಾಡ್ ಫೋಲ್ಡರ್ ಇರುವಲ್ಲೇ ಪಕ್ಕದಲ್ಲಿ, ಯೂಸರ್ ಎಂಪೈರ್ ಡಿಸೈನ್ಸ್ ಅಂತ ಶುರುವಾಗುವ ಹೆಸರು. ಅದನ್ನೂ ಮಾಡ್ ಫೋಲ್ಡರನ್ನೂ ಇಂಕ್‌ಸ್ಕೇಪ್‌ನ ಮೂಲ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಡಿ. ಜೂನ್ ತಿಂಗಳಲ್ಲಿ ನಮ್ಮ ಕಡೆ ಗುಡುಗು ಬಂದಾಗ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತು ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವವರು ಇದನ್ನು ನಾಳೆಗೆ ಇಡಬೇಡಿ.

9. ಒಂದು ರೂಪಾಯಿ ಖರ್ಚಿಲ್ಲದೆ ಕಲಿಯಬೇಕಾದರೆ

ಫ್ರೀಓರಿಯನ್ ಅಂತ ಒಂದು ಆಟ ಇದೆ. ಮಾಸ್ಟರ್ ಆಫ್ ಓರಿಯನ್‌ನ ದಾರಿಯಲ್ಲೇ ಕಟ್ಟಿದ್ದು, ಉಚಿತ, ಮುಕ್ತ ತಂತ್ರಾಂಶ. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಪಟ್ಟಿಯಿಂದಲೇ ಸಿಗುತ್ತದೆ. ನೋಟ ಸಾದಾ, ಆದರೆ ಚಿತ್ರ ಬದಲಿಸುವುದನ್ನು ಕಲಿಯಲು ಇದಕ್ಕಿಂತ ಸುಲಭದ್ದು ಇಲ್ಲ, ಯಾಕೆಂದರೆ ಇದರ ಚಿತ್ರಗಳು ಸಾಮಾನ್ಯ ಪಿಎನ್‌ಜಿಗಳು. ಡೀಫಾಲ್ಟ್ ಫೋಲ್ಡರ್‌ನ ಒಳಗೆ ಡೇಟಾ, ಅದರೊಳಗೆ ಆರ್ಟ್. ಹಡಗಿನ ಒಡಲುಗಳ ಚಿತ್ರ ಅಲ್ಲೇ ಇವೆ. ಮೊದಲು ಇಡೀ ಫೋಲ್ಡರ್‌ನ ನಕಲು ತೆಗೆದಿಟ್ಟುಕೊಳ್ಳಿ. ಆಮೇಲೆ ಒಂದು ಚಿತ್ರವನ್ನು ಜಿಂಪ್‌ನಲ್ಲಿ ತೆರೆದು, ಗಾತ್ರ ಬದಲಿಸದೆ, ಬಣ್ಣ ಮಾತ್ರ ಬದಲಿಸಿ, ಅದೇ ಹೆಸರಲ್ಲಿ ಉಳಿಸಿ. ಆಟ ತೆರೆದರೆ ನಿಮ್ಮ ಬಣ್ಣದ ಹಡಗು ಬರುತ್ತದೆ. ಬೇರೆಯವರ ಸಾಮ್ರಾಜ್ಯ ಅದೇ ಒಡಲು ಬಳಸಿದರೆ ಅವರದ್ದೂ ನಿಮ್ಮ ಬಣ್ಣದಲ್ಲೇ ಬರುತ್ತದೆ, ಅದೊಂದು ತಮಾಷೆ. ಗುರುತಿಗೆ ಆಟದ ಶುರುವಿನಲ್ಲಿ ಆರಿಸಿದ ಸಾಮ್ರಾಜ್ಯದ ಬಣ್ಣವನ್ನೇ ನಂಬಿ.

ಶಾಲೆಯ ಲ್ಯಾಬಿನ ಲ್ಯಾಪ್‌ಟಾಪ್‌ನಲ್ಲಿ ಹಾಕುವ ಯೋಚನೆ ಇದ್ದರೆ ಮೊದಲು ಐಸಿಟಿ ಟೀಚರನ್ನು ಕೇಳಿ. ಇಂಕ್‌ಸ್ಕೇಪ್‌ನಲ್ಲಿ ಮಾಡಿದ ಲಾಂಛನವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬರೀ ಆಟ ಆಡಲು ಅಂತ ಕೇಳಿದರೆ ಸಿಗುವ ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು.